ಅಜ್ಜಂಪುರದ ಸಂಜೆ ಏಳು ಗಂಟೆ

ಮೊನ್ನೆ ಬೀರು ಖಾಲಿ ಮಾಡುವಾಗ ಹಳೆಯದೊಂದು ಪುಟ್ಟ ಕಂಪ್ಯೂಟರ್ ಸಿಕ್ಕಿತು. ಗುಜರಿಗೆ ಹಾಕುವ ಮೊದಲು ಕೊನೆಯ ದರ್ಶನವಾಗಲಿ ಎಂದು ಸ್ವಿಚ್ ಒತ್ತಿದೆ. ಫ್ಯಾನು ಗೊರಗೊರ ಎಂದಿತು, ಬಿಸಿ ಧೂಳಿನ ವಾಸನೆ ಬಂತು. ಆ ವಾಸನೆಗೆ, ನಾನು ಕಡೂರಿನಲ್ಲಿ ಮಹಾ ಪಂಡಿತನಾಗಿದ್ದ ಕಾಲ ನೆನಪಾಯಿತು.

ಕೇಬಲ್ ಇಂಟರ್ನೆಟ್ ಕೊಡುವ ಸಣ್ಣ ಕಚೇರಿ. ನಾನು ಅಲ್ಲಿ ನೆಟ್‌ವರ್ಕ್ ಇಂಜಿನಿಯರ್, ಅಂದರೆ ಕುರ್ಚಿಯಿಂದ ಏಳದೆ ಕಾರಣ ಹೇಳುವವನು. ಕಂಬ ಹತ್ತುವುದು ಲೈನ್‌ಮನ್ ಶೇಖರಣ್ಣ. ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರು, ಆದರೂ ನನ್ನನ್ನು ಸಾರ್ ಎನ್ನುತ್ತಿದ್ದರು. ನಾನು ಬೇಡವೆನ್ನಲೂ ಇಲ್ಲ.

ಆ ವರ್ಷ ಅಜ್ಜಂಪುರದಲ್ಲಿ ದಿನಾ ಸಂಜೆ ಏಳಕ್ಕೆ, ಊರಿನವರೆಲ್ಲ ಮನೆ ಸೇರಿ ಫೋನು ಹಿಡಿಯುವ ಹೊತ್ತಿಗೆ ಸರಿಯಾಗಿ, ಇಂಟರ್ನೆಟ್ ನಿಲ್ಲುತ್ತಿತ್ತು. "ಕಂಬದ ಮೇಲೆ ವೈರಿನ ಜಾಯಿಂಟ್ ಸರಿಯಿಲ್ಲ" ಎಂದು ಕೂತಲ್ಲೇ ತೀರ್ಪು ಕೊಟ್ಟೆ. ಶೇಖರಣ್ಣ ಹೋಗಿ ಬಂದರು. ಮತ್ತೆ ನಿಂತಿತು. ಮತ್ತೆ ಕಳಿಸಿದೆ. ಮೂರನೇ ಸಲಕ್ಕೆ ಕಚೇರಿಯ ಯಜಮಾನರು ಅವರ ಮುಖಕ್ಕೇ ಹೇಳಿದರು: "ಶನಿವಾರದೊಳ್ಗೆ ಸರಿಹೋಗ್ಲಿಲ್ಲ ಅಂದ್ರೆ ಬೇರೆ ಕೆಲ್ಸ ನೋಡ್ಕಳಪ್ಪಾ."

ಅಷ್ಟು ಹೊತ್ತಿಗೆ ನನಗೊಂದು ಅನುಮಾನ ಹುಟ್ಟಿತ್ತು. ತಪ್ಪು ವೈರಿನದಲ್ಲ, ಅಜ್ಜಂಪುರದಲ್ಲಿ ಹೊಸದಾಗಿ ಕೂರಿಸಿದ ರೂಟರ್ ಪೆಟ್ಟಿಗೆಯದು. ಆ ಪೆಟ್ಟಿಗೆಯನ್ನು ಆರಿಸಿದವನು ನಾನೇ, ನೀಲಿ ದೀಪಗಳು ಚೆನ್ನಾಗಿವೆಯೆಂದು. ಆದ್ದರಿಂದ ಅನುಮಾನವನ್ನು ನುಂಗಿಕೊಂಡು, "ಒಂದು ಪರೀಕ್ಷೆ ಮಾಡೋಣ" ಎಂದೆ.

ಪರೀಕ್ಷೆ ಸುಲಭ. ಇಂಟರ್ನೆಟ್ಟಿನಲ್ಲಿ ಹೋಗುವುದೆಲ್ಲ ಪ್ಯಾಕೆಟ್ ಎಂಬ ಪುಟ್ಟ ಕಟ್ಟುಗಳಾಗಿ ಹೋಗುತ್ತದೆ. ಅಜ್ಜಂಪುರದ ಒಂದು ಸಂಜೆಯ ಪ್ಯಾಕೆಟ್ಟುಗಳನ್ನು ದಾಖಲಿಸಿಕೊಂಡು, ಕಚೇರಿಯಲ್ಲಿದ್ದ ಅದೇ ಬಗೆಯ ಇನ್ನೊಂದು ಪೆಟ್ಟಿಗೆಯೊಳಗೆ ಅದೇ ವೇಗದಲ್ಲಿ ಮತ್ತೆ ಓಡಿಸಬೇಕು. ಪೆಟ್ಟಿಗೆ ಮಲಗಿದರೆ ಅದೇ ಕಳ್ಳ.

ಓಡಿಸಲು ಸಿಕ್ಕಿದ್ದು ಈ ಪುಟ್ಟ ಕಂಪ್ಯೂಟರ್. ಕಚೇರಿಯ ಒಳ್ಳೆಯ ಕಂಪ್ಯೂಟರಿನಲ್ಲಿ ಯಜಮಾನರು ಇಸ್ಪೀಟು ಆಡುತ್ತಿದ್ದರಲ್ಲ, ಅದನ್ನು ಕೇಳುವಂತಿರಲಿಲ್ಲ. ಇದೋ, ಅಜ್ಜಂಪುರದ ಒಂದು ಗಂಟೆಯನ್ನು ಓಡಿಸಲು ನಾಲ್ಕು ಗಂಟೆ ತೆಗೆದುಕೊಂಡಿತು. ಅಷ್ಟು ನಿಧಾನಕ್ಕೆ ಯಾವ ಪೆಟ್ಟಿಗೆ ತಾನೇ ಬೀಳುತ್ತದೆ? ಹಬ್ಬದೂಟ ಮುಗಿಸಿದ ಅಳಿಯನಂತೆ ತಣ್ಣಗೆ ಕೂತಿತ್ತು. ಮಾರಿದವರು ಫೋನಿನಲ್ಲಿ, "ನೋಡಿ ಸಾರ್, ನಮ್ ಬಾಕ್ಸಿಗೆ ಏನೂ ಆಗಿಲ್ಲ. ನಿಮ್ ವೈರ್ ನೋಡ್ಕೊಳ್ಳಿ" ಎಂದರು. ನಮ್ಮ ನಿಧಾನದ ಪುಣ್ಯದಿಂದ ಪೆಟ್ಟಿಗೆ ಸಾಚಾ ಆಯಿತು, ಶೇಖರಣ್ಣ ಅಪರಾಧಿಯಾದರು.

ಅವರು ನನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಅದರಲ್ಲಿ ಸಾಲುಗಳು ಸರಸರನೆ ಮೂಡುತ್ತಿದ್ದವು.

"ಇದೇನ್ ಸಾರ್ ಹಿಂಗೆ ಓಡ್ತೈತೆ?"

"ಹೋಗೋ ಪ್ರತಿ ಪ್ಯಾಕೆಟ್ಟಿನ ವಿವರ, ಶೇಖರಣ್ಣ."

"ಯಾರ್ ಓದ್ತಾರೆ ಇದ್ನ?"

ಯಾರೂ ಓದುತ್ತಿರಲಿಲ್ಲ. ನೋಡಿದವರು ಬೆರಗಾಗಲೆಂದು ಹಾಕಿಕೊಂಡಿದ್ದೆ. ಆ ಬೆರಗನ್ನು ನಿಲ್ಲಿಸಿದ್ದೇ ತಡ, ನಾಲ್ಕು ಗಂಟೆಯ ಕೆಲಸ ಎರಡಕ್ಕೆ ಇಳಿಯಿತು.

ಉಳಿದ ನಿಧಾನಕ್ಕೆ ಕಾರಣ ಡ್ರೈವರ್, ಅಂದರೆ ಕಂಪ್ಯೂಟರಿಗೂ ನೆಟ್‌ವರ್ಕ್ ಕಾರ್ಡಿಗೂ ನಡುವೆ ನಿಂತ ತಂತ್ರಾಂಶ. ನಮ್ಮ ಡ್ರೈವರ್ ಒಂದು ಪ್ಯಾಕೆಟ್ಟನ್ನು ಕರೆದು, ನಕಲು ತೆಗೆದು, ಕಳಿಸಿಕೊಟ್ಟು, ಆಮೇಲೆ ಇನ್ನೊಂದನ್ನು ಕರೆಯುತ್ತಿತ್ತು. ಬಾಗಿಲಲ್ಲೇ ಒಬ್ಬೊಬ್ಬರಿಗೂ ಟಿಕೆಟ್ ಹರಿದು ಹತ್ತಿಸಿದರೆ ಅಜ್ಜಂಪುರದ ಬಸ್ಸು ತರೀಕೆರೆ ಬಿಡುವುದು ಯಾವಾಗ, ನೀವೇ ಹೇಳಿ. ಎಲ್ಲರನ್ನೂ ತುಂಬಿಕೊಂಡು ರೈಟ್ ಎನ್ನುವ ಕಂಡಕ್ಟರಿನಂಥ ಇನ್ನೊಂದು ಡ್ರೈವರ್ ಇತ್ತು; ಪ್ಯಾಕೆಟ್ಟುಗಳನ್ನು ಮೊದಲೇ ಮೆಮೊರಿಗೆ ತುಂಬಿಕೊಂಡು ಗುಂಪುಗುಂಪಾಗಿ ಕಾರ್ಡಿಗೆ ದಾಟಿಸುತ್ತಿತ್ತು. ಕೈಪಿಡಿಯ ಮೊದಲ ಪುಟದಲ್ಲೇ ಹಾಗೆಂದು ಬರೆದಿತ್ತು. ಕೈಪಿಡಿ ಓದುವುದು ಪಂಡಿತರಿಗೆ ಅವಮಾನವಾದ್ದರಿಂದ ಎರಡು ದಿನ ತಡವಾಯಿತು.

ಶನಿವಾರ ಬೆಳಿಗ್ಗೆ, ಇರಲಿ ಎಂದು ಶೇಖರಣ್ಣನನ್ನು ನಾಲ್ಕನೇ ಸಲ ಕಂಬಕ್ಕೆ ಕಳಿಸಿ, ಆ ಇನ್ನೊಂದು ಡ್ರೈವರ್ ಹಾಕಿಕೊಂಡು ಪರೀಕ್ಷೆಗೆ ಕೂತೆ. ಒಂದು ಗಂಟೆಯ ಸಂಜೆ ಅದರದೇ ವೇಗದಲ್ಲಿ ಓಡಿತು. ಹನ್ನೊಂದನೇ ನಿಮಿಷಕ್ಕೆ ನೀಲಿ ದೀಪಗಳೆಲ್ಲ ಆರಿ ಪೆಟ್ಟಿಗೆ ಮಲಗಿತು. "ಏನ್ ತಲೆ ಕಣಯ್ಯಾ ನಿಂದು!" ಎಂದು ಯಜಮಾನರು ಬೆನ್ನು ತಟ್ಟಿದರು. ಮಧ್ಯಾಹ್ನ ನಾನೇ ಅಜ್ಜಂಪುರಕ್ಕೆ ಹೋಗಿ, ಕಿತ್ತು ಮೂಲೆಗಿಟ್ಟಿದ್ದ ಹಳೆಯ ಪೆಟ್ಟಿಗೆಯನ್ನು ಮತ್ತೆ ಕೂರಿಸಿ ಬಂದೆ. ಅಂದು ಸಂಜೆ ಏಳು ದಾಟಿದರೂ ಇಂಟರ್ನೆಟ್ ನಿಲ್ಲಲಿಲ್ಲ.

"ಈ ಸಲ ಗಟ್ಟಿಯಾಗಿ ಹಾಕಿದೀನಿ ಸಾರ್," ಎಂದರು ಕಂಬದ ಕೆಲಸ ಮುಗಿಸಿ ಬಂದಿದ್ದ ಶೇಖರಣ್ಣ.

"ಒಳ್ಳೇದಾಯ್ತು ಶೇಖರಣ್ಣ," ಎಂದೆ. ಅಷ್ಟೇ ಎಂದೆ. ಹೇಗೂ ಅವರ ಕೆಲಸ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಪೆಟ್ಟಿಗೆ ಸಿಕ್ಕಿಬಿದ್ದರೂ ಯಜಮಾನರಿಗೆ ಜಾಯಿಂಟಿನ ಮೇಲಿನ ಅನುಮಾನ ಹೋಗಿರಲಿಲ್ಲ; ಶೇಖರಣ್ಣ ಹಾಕಿದ ಜಾಯಿಂಟನ್ನು ಇನ್ನೊಬ್ಬರು ನೋಡಿಯೇ ಒಪ್ಪಬೇಕೆಂಬ ಪದ್ಧತಿ ಮುಂದಿನ ವಾರವೇ ಶುರುವಾಯಿತು. ಅದನ್ನೂ ನಾನು ತಡೆಯಲಿಲ್ಲ.

ಮೊನ್ನೆ ನೋಡಿದರೆ ಆ ಸಂಜೆಯ ದಾಖಲೆ ಕಂಪ್ಯೂಟರಿನಲ್ಲಿ ಇನ್ನೂ ಹಾಗೇ ಇದೆ. ನಿಜವಾಗಿ ನಾಚಿಕೆಯಾಯಿತು. ಶೇಖರಣ್ಣ ಈಗ ತರೀಕೆರೆಯಲ್ಲಿ ಸ್ವಂತ ವೈರಿಂಗ್ ಅಂಗಡಿ ಇಟ್ಟಿದ್ದಾರೆ. ಫೋನ್ ಮಾಡಿ, ತಪ್ಪು ನಿಮ್ಮದಲ್ಲ, ನಾನು ಆರಿಸಿದ ಪೆಟ್ಟಿಗೆಯದು ಎಂದು ಎಲ್ಲವನ್ನೂ ಒಪ್ಪಿಕೊಂಡೆ.

"ಗೊತ್ತು ಬಿಡಿ ಸಾರ್," ಎಂದರು. "ಮೊದಲ್ನೇ ಸಲ ಬಿಚ್ಚಿ ನೋಡ್ದಾಗ್ಲೇ ಜಾಯಿಂಟ್ ಸರಿಯಾಗೇ ಇತ್ತು. ಆಮೇಲೆಲ್ಲ ಕಂಬ ಹತ್ತಿ, ಒಂದ್ ಗಳಿಗೆ ಸುಮ್ನೆ ಇದ್ದು ಇಳೀತಿದ್ದೆ."

"ಅಯ್ಯೋ, ಆವತ್ತೇ ಯಾಕೆ ಹೇಳಲಿಲ್ಲ ಶೇಖರಣ್ಣ?"

"ನಾನ್ ಹೇಳಿದ್ರೆ ಯಾರ್ ನಂಬ್ತಿದ್ರು? ನೀವ್ ಹೇಳ್ಲಿ ಅಂತ ಕಾಯ್ತಿದ್ದೆ. ಇಷ್ಟ್ ವರ್ಷ ಬೇಕಾಯ್ತಾ ಸಾರ್?"