ಹಂಪ್ ಬೇಕು, ಹುರುಳಿಯೂ ಒಣಗಬೇಕು

ಕೇಳ್ರಪ್ಪಾ ಸ್ನೇಹಿತರೇ, ನಮ್ಮೂರ ಹಾಲಿನ ಡೈರಿ ಮುಂದೆ ಹಂಪ್ ಹಾಕಲು ಅನುದಾನ ಕೊಡಬೇಕೋ ಬೇಡವೋ ಎಂದು ನೋಡಲು ಇವತ್ತು ಇಂಜಿನಿಯರ್ ಬಂದರು. ನರಸಾಪುರದ ಕಂಪನಿ ಬಸ್ಸುಗಳು ಅಲ್ಲಿ ಹಾರಿಕೊಂಡೇ ಹೋಗುತ್ತವೆ. ಹಾಲು ಹಾಕುವವರು ಕ್ಯಾನ್ ಸಮೇತ ಚರಂಡಿಗೆ ಜಿಗಿಯುತ್ತಾರೆ. ಹಂಪ್ ಬೇಕೆಂಬ ನಮ್ಮ ಅರ್ಜಿಗೆ ಮೊದಲು ಹೆಬ್ಬೆಟ್ಟು ಒತ್ತಿದವಳು ಮುನಿಯಮ್ಮ. ಇವತ್ತೇ ಅವಳು, ಒಣಗಿ ಗಾಡಿಗಳು ತುಳಿದು ಕಾಳು ಬಿಡಲೆಂದು ರಸ್ತೆ ತುಂಬ ಹುರುಳಿ ಗಿಡ ಹರಡಿದ್ದಳು. ಜಾರುವ ಭಯಕ್ಕೆ ಬಸ್ಸುಗಳೆಲ್ಲ ತೆವಳುತ್ತಿದ್ದವು.

“ಎಲ್ಲಾ ನಿಧಾನಕ್ಕೇ ಹೋಗ್ತಿದಾವಲ್ರೀ. ನಿಮ್ಮ ಅರ್ಜೀಲಿ ಹುರುಳಿಲ್ಲ” ಎಂದರು ಇಂಜಿನಿಯರ್.

“ಅರ್ಜೀಲಿ ಇಲ್ದಿದ್ರೇನು ಸಾರ್, ರಸ್ತೆ ತುಂಬಾ ಇದೆ” ಎಂದೆ.

ಆಮೇಲೆ ಮುನಿಯಮ್ಮನಿಗೆ ಕೈಮುಗಿದೆ. “ಒಂದು ಗಳಿಗೆ ಎತ್ಕೊಳ್ಳಮ್ಮಾ ತಾಯಿ.”

ಗೊಣಗುತ್ತಲೇ ಅವಳು ಗಿಡವನ್ನೆಲ್ಲ ಬಳಿದು ಪಕ್ಕಕ್ಕೆ ಗುಡ್ಡೆ ಹಾಕಿದಳು. ಹಾಕಿದ್ದೇ ತಡ, ಒಂದು ಬಸ್ಸು ರೊಯ್ಯೆಂದು ಬಂತು. ಇಂಜಿನಿಯರ್ ಎಗರಿ ಆ ಗುಡ್ಡೆಯ ಮೇಲೇ ಬಿದ್ದರು. ಏಳುವ ಮೊದಲೇ “ಹಂಪ್ ಬೇಕು ಅಂತ ಬರೀತೀನಿ” ಎಂದರು.

ಮುನಿಯಮ್ಮ ಅವರ ಅಂಗಿಗೆ ಅಂಟಿದ್ದ ಕಾಳು ಆರಿಸಿಕೊಳ್ಳುತ್ತ, “ಸುಗ್ಗಿ ಆದ್ಮೇಲೆ ಹಾಕ್ಸಿ ಸಾರ್. ಹಂಪ್ ಮೇಲೆ ಹುರುಳಿ ನಿಲ್ಲಲ್ಲ” ಎಂದಳು.

ಹಾಗಾಗಿ ಸುಗ್ಗಿ ಮುಗಿಯುವವರೆಗೆ ನಮ್ಮೂರಿಗೆ ಹುರುಳಿಯೇ ಹಂಪ್.