ಸೋರುವ ಗಡಿಗೆಯ ರಮಾತು

ಬೆಳಗಿನ ಬಾಂಗು ಈಗಷ್ಟೇ ಮುಗಿದಿದೆ. ರಮಾತು ಯಾಕುಬು ಗಡಿಗೆ ಸುಡುವ ಆವಿಗೆಯ ಬಾಯಿಗೆ ಮುಚ್ಚಿದ್ದ ಇಟ್ಟಿಗೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಾರೆ. ಮೊದಲ ಗಡಿಗೆಯನ್ನು ಎತ್ತಿ, ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಡುತ್ತಾರೆ. ಕಂಚಿನ ದನಿ. "ಬಾರವ್ವಾ, ನೀ ಗೆದ್ದೆ" ಎಂದು ಪಕ್ಕಕ್ಕಿಡುತ್ತಾರೆ. ಎರಡನೆಯದು ಒಡಕು ದನಿ. ಅದಕ್ಕೆ ಮಾತಿಲ್ಲ, ಒನಕೆಯ ಏಟು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತೇವಲ್ಲ, ಇಲ್ಲಿ ದೊಣ್ಣೆಯೂ ಕುಂಬಾರಳ ಕೈಯಲ್ಲೇ ಇದೆ.

ಘಾನಾದ ಉತ್ತರಕ್ಕೆ, ತಮಾಲೆ ನಗರದಾಚೆಯ ಕುಲ್ಪಾನಿ ಹಳ್ಳಿಯಲ್ಲಿ ಬೇಸಿಗೆ ಬಂತೆಂದರೆ ದನಕ್ಕೂ ಜನಕ್ಕೂ ಒಂದೇ ಹೊಂಡ. ನೀರು ರಾಗಿ ಅಂಬಲಿಯ ಬಣ್ಣಕ್ಕೆ ತಿರುಗುತ್ತದೆ. ರಮಾತು ಮಾಡುವ ಗಡಿಗೆ ಆ ನೀರನ್ನು ಸೋಸುತ್ತದೆ. ಜೇಡಿಮಣ್ಣಿಗೆ ಭತ್ತದ ಹೊಟ್ಟಿನ ಪುಡಿ ಕಲಸಿ ಸುಟ್ಟರೆ, ಹೊಟ್ಟು ಉರಿದುಹೋಗಿ ಕಣ್ಣಿಗೆ ಕಾಣದ ರಂಧ್ರಗಳು ಉಳಿಯುತ್ತವೆ. ನೀರು ಅವುಗಳೊಳಗಿಂದ ಹನಿಹನಿಯಾಗಿ ಇಳಿಯುತ್ತದೆ, ಕೊಳೆ ಒಳಗೇ ನಿಲ್ಲುತ್ತದೆ. ದಿನಕ್ಕೆ ಹದಿನೈದಿಪ್ಪತ್ತು ಗಡಿಗೆ ಅವರ ಕೈಯಲ್ಲಿ ಏಳುತ್ತವೆ.

ಮಣ್ಣಿನ ಕೆಲಸ ಕಲಿಸಿದ್ದು ಅತ್ತೆ ಸಲಾಮತು. ಪ್ಲಾಸ್ಟಿಕ್ ಬಕೆಟ್ ಬಂದು ಗಡಿಗೆ ಕೇಳುವವರಿಲ್ಲವಾದಾಗ, ರಮಾತು ತಮಾಲೆಗೆ ಹೋಗಿ ಈ ಹೊಸ ಬಗೆ ಕಲಿತು ಬಂದರು. ಮುದುಕಿ ಊರಿಗೆಲ್ಲ ಕೇಳುವಂತೆ ಗೊಣಗಿದ್ದಳು: "ನನ್ನ ಗಡಿಗೆ ಒಂದು ದಿನ ಒಂದು ಹನಿ ಸೋರ್ಲಿಲ್ಲ. ನನ್ನ ಸೊಸೆ ಸೋರೋದನ್ನೇ ಮಾಡ್ತಾಳಂತೆ! ನಾಳೆ ತಳಾನೇ ಇಲ್ದಿದ್ದು ಮಾಡ್ತಾಳೆ, ನೋಡ್ತಿರಿ."

ಹೋದ ಬೇಸಿಗೆಯಲ್ಲಿ ಪಕ್ಕದೂರು ದಿಮಾಲಾದಲ್ಲಿ ವಾಂತಿಭೇದಿ ಎದ್ದಿತು. ಎರಡು ಹಸುಗೂಸುಗಳು ತೀರಿಕೊಂಡವು. ಗಡಿಗೆ ಒಯ್ಯಲು ಲಾರಿ ಬಂದು ನಿಂತಿತು. ಆದರೆ ಹೊಟ್ಟನ್ನು ಸರಿಯಾಗಿ ಜರಡಿ ಹಿಡಿದಿರಲಿಲ್ಲವೋ ಏನೋ, ನೀರು ತುಂಬಿ ನೋಡಿದರೆ ಅರ್ಧಕ್ಕರ್ಧ ಗಡಿಗೆಗಳಲ್ಲಿ ಹನಿಯುವ ಬದಲು ಧಾರೆ. ಒಳಗೆಲ್ಲೋ ಕೂದಲೆಳೆಯ ಬಿರುಕು.

"ಕೊಟ್ಬಿಡಮ್ಮಾ" ಎಂದ ಲಾರಿ ಓಡಿಸುವ ಇದ್ರಿಸು. "ಹೇಗಿದ್ರೂ ಕೆಸರೇ ಕುಡೀತಿದಾರೆ. ಏನೂ ಇಲ್ದಿರೋದಕ್ಕಿಂತ ಇದು ವಾಸಿ."

"ವಾಸಿ ಅಲ್ಲಪ್ಪ" ಎಂದರು ರಮಾತು. "ಕೆಸರು ನೋಡಿದ್ರೆ ತಾಯಿ ಹೆದರ್ತಾಳೆ, ಕಾಯಿಸ್ತಾಳೆ. ನನ್ನ ಗಡಿಗೇಲಿ ಇಳಿದದ್ದು ಅಂದ್ರೆ ಹೆದರಲ್ಲ. ಸೀದಾ ಮಗು ಬಾಯಿಗಿಡ್ತಾಳೆ."

ಹಾಗೆಂದು ಒನಕೆ ಎತ್ತಿದರು. ಮೊದಲನೆಯದು ಒಡೆಯಿತು, ಎರಡನೆಯದು ಒಡೆಯಿತು. ಮೂರನೆಯದಕ್ಕೆ ಕೈ ಏಳಲಿಲ್ಲ. ಅಂಗಳದ ತುಂಬ ಜನ ನೋಡುತ್ತಿದ್ದರು. ಆಗ ಬೇವಿನ ನೆರಳಲ್ಲಿ ಕೂತಿದ್ದ ಸಲಾಮತು ಎದ್ದು ಬಂದು ಒನಕೆ ಕಸಿದುಕೊಂಡಳು.

"ಹಾಗಾ ಒಡೆಯೋದು? ಚೂರು ಸಿಡಿದು ಮಕ್ಕಳ ಕಾಲಿಗೆ ಚುಚ್ಚತ್ತೆ. ಕಂಠಕ್ಕೆ ಹೊಡೀಬೇಕು, ಹೀಗೆ!" ಮುದುಕಿ ಮಿಕ್ಕದ್ದನ್ನೆಲ್ಲ ತಾನೇ ಒಡೆದಳು. ಸುತ್ತ ನಿಂತಿದ್ದ ಹೆಂಗಸರ ಕಡೆ ತಿರುಗಿ ಗದರಿದಳು: "ಬಾಯ್ಬಿಟ್ಕೊಂಡು ಏನ್ ನೋಡ್ತೀರಿ? ಜರಡಿ ತನ್ನಿ!"

ಗೆದ್ದ ಗಡಿಗೆಗಳನ್ನು ಹೊತ್ತು ಲಾರಿ ಹೋಯಿತು. ಮಣ್ಣು ಕಲಸಲು ಊರ ಹೆಂಗಸರೆಲ್ಲ ಕೈ ಹಾಕಿದರು. ಎರಡು ವಾರದಲ್ಲಿ ಹೊಸ ಆವಿಗೆ ತೆರೆದಾಗ ಒಡೆಯಬೇಕಾದವು ಬೆರಳೆಣಿಕೆಯಷ್ಟು. ಅಷ್ಟರಲ್ಲಿ ದಿಮಾಲಾದಲ್ಲಿ ಕಾಯಿಲೆ ಇಳಿಮುಖವಾಗಿತ್ತು. ಆಮೇಲೆ ಅಲ್ಲಿ ಯಾವ ಮಗುವೂ ತೀರಿಕೊಳ್ಳಲಿಲ್ಲ. ಈಗ ಆ ಊರಲ್ಲಿ ಮದುಮಗಳ ಜೊತೆ ಪಾತ್ರೆಪಡಗದೊಂದಿಗೆ ಈ ಗಡಿಗೆಯೂ ಗಂಡನ ಮನೆಗೆ ಹೋಗುತ್ತದೆ. ಸೋರುವ ಗಡಿಗೆಯನ್ನು ಈಗ ಅತ್ತೆಯೂ ತಟ್ಟಿ ನೋಡುತ್ತಾಳೆ. ಹೊಗಳುವುದಿಲ್ಲ, ಅಷ್ಟೆ. "ಪರ್ವಾಗಿಲ್ಲ" ಅನ್ನುತ್ತಾಳೆ.

ನಿಮಗೇನು ಆಸೆ ಎಂದರೆ ರಮಾತು ಸೆರಗಿಗೆ ಕೈ ಒರೆಸಿಕೊಂಡು ನಾಚುತ್ತಾರೆ.

"ಗುರುತಿಲ್ಲದ ಯಾವ್ದಾದ್ರೂ ಊರಿಗೆ ಹೋಗ್ಬೇಕು. ಮನೆಗೆ ಬಂದೋರಿಗೆ ಮೊದ್ಲು ನೀರು ಕೊಡ್ತಾರಲ್ಲ, ಹಾಗೆ ಯಾರೋ ನಂಗೆ ನನ್ನ ಗಡಿಗೇಲಿ ಇಳಿದ ನೀರು ಕೊಡ್ಬೇಕು. 'ಕುಡೀರಿ, ಏನೂ ಆಗಲ್ಲ, ನೀರು ಚೆನ್ನಾಗಿದೆ' ಅಂತ ಅವರೇ ನಂಗೆ ಧೈರ್ಯ ಹೇಳ್ಬೇಕು. ಆ ಗಡಿಗೆ ಮಾಡಿದ್ದು ನಾನೇ ಅಂತ ಹೇಳಲ್ಲ. ಕುಡಿದು, ಇನ್ನೊಂದು ಲೋಟ ಕೇಳ್ತೀನಿ."