ಅಕ್ಕನ ಸೀರೆಗೆ ಕಡ್ಡಿ ಗೀರಿದ ಮೇಷ್ಟ್ರು

ಎಲೆಯ ಮುಂದೆ ಕೂತವರ ಜಾತಿ ಕೇಳುವವರಿದ್ದಾರೆ. ನಮ್ಮ ಮಾದೇವಪ್ಪ ಮೇಷ್ಟ್ರು ಎಲೆಯಲ್ಲಿ ಬಿದ್ದದ್ದರ ಜಾತಿ ಹೇಳುತ್ತಿದ್ದರು. "ಮುದ್ದೆ ಪಿಷ್ಟ, ಅವರೇಕಾಳು ಪ್ರೋಟೀನು, ತುಪ್ಪ ಕೊಬ್ಬು. ಎಲ್ಲಾ ಇಂಗಾಲದ ಮಕ್ಳೇ ಕಣ್ಲಾ. ನಾಕು ಕೈ ಅದೆ ಅದ್ಕೆ, ಸುಮ್ಕಿದ್ದಾತಾ? ಸಿಕ್ಕಿದೋರ್ ಕೈಯೆಲ್ಲಾ ಇಡ್ಕತದೆ!"

ಹನೂರಿನ ಕಾಲೇಜಿನಲ್ಲಿ ನಮಗೆ ರಸಾಯನಶಾಸ್ತ್ರ ಹೇಳಿಕೊಟ್ಟವರು ಅವರು. ನಮ್ಮನ್ನೆಲ್ಲ ಗ್ಲೂಕೋಸ್ ಮಾಡಿ ಸಾಲಾಗಿ ಕೈಕೈ ಹಿಡಿಸಿ ಪಿಷ್ಟ ಕಟ್ಟಿಸುತ್ತಿದ್ದರು. ಇಬ್ಬರು ಸೇರುವಾಗ ಒಂದು ನೀರಿನ ಅಣು ಕಳಚಬೇಕಲ್ಲ, ಅದಕ್ಕೆ ಪ್ರತಿ ಜೋಡಿಯ ಮೇಲೂ ಒಂದು ಲೋಟ ನೀರು ಸುರಿಯುತ್ತಿದ್ದರು. ಪಿಷ್ಟದ ಪಾಠದ ದಿನ ಅಮ್ಮ ನನಗೆ ಟವೆಲ್ ಕಟ್ಟಿಕೊಡುತ್ತಿದ್ದಳು.

ಅಕ್ಕನ ಮದುವೆ ಯಳಂದೂರಿನ ಛತ್ರದಲ್ಲಿ. ಧಾರೆ ಸೀರೆಯನ್ನು ಸೋದರಮಾವ ಕೊಳ್ಳೇಗಾಲದಿಂದ ತಂದಿದ್ದ. ಗಂಡಿನ ಸೋದರತ್ತೆ ಸೆರಗು ಹಿಸುಕಿ ನೋಡಿ, "ಇದ್ಯಾವ್ ರೇಸ್ಮೆ? ನೈಲಾನು! ನಕ್ಲಿ ಉಡ್ಸಿ ಎಣ್ಣು ಕೊಟ್ಟೀರಾ?" ಎಂದುಬಿಟ್ಟರು. ಗಂಡಿನ ಕಡೆಯವರು ಎದ್ದು ಹೊರಡಲು ಚಪ್ಪಲಿ ಹುಡುಕತೊಡಗಿದರು. ಅಕ್ಕ ಹಸೆಮಣೆಯ ಮೇಲೇ ಅಳಲು ಶುರು ಮಾಡಿದಳು.

ಊಟಕ್ಕೆಂದು ಬಂದಿದ್ದ ಮೇಷ್ಟ್ರು ಸೆರಗಿನ ಕುಚ್ಚಿನಿಂದ ಒಂದೆಳೆ ಕಿತ್ತು ಕಡ್ಡಿ ಗೀರಿ ಸುಟ್ಟರು. "ಮೂಸ್ರಿ. ಕೂದ್ಲು ಸುಟ್ಟ ವಾಸ್ನೆ. ರೇಸ್ಮೆನೂ ಪ್ರೋಟೀನು, ಕೂದ್ಲೂ ಪ್ರೋಟೀನು, ದಾಯಾದಿಗಳು."

"ಕೂದ್ಲು ಇಂಗೇ ನಾರ್ತದೆ ಅಂತ ಯಾರ್ ಕಂಡವ್ರೆ?" ಅತ್ತೆ ಬಗ್ಗಲಿಲ್ಲ.

ಶುಭಕಾರ್ಯದಲ್ಲಿ ಕೂದಲು ಸುಡುವುದು ಅಪಶಕುನವೆಂದು ಒಬ್ಬರೂ ಒಂದೆಳೆ ಕೊಡಲಿಲ್ಲ. ಮೇಷ್ಟ್ರ ತಲೆಯಲ್ಲಿ ಬೆಳೆಯೇ ಇಲ್ಲ. ಇದ್ದದ್ದು ಎಣ್ಣೆ ಹಚ್ಚಿ ಸಾಕಿದ ಮೀಸೆಯೊಂದೇ. ಇನ್ನೊಂದು ಕಡ್ಡಿ ಗೀರಿ ಅದರ ತುದಿಗೆ ಹಿಡಿದರು. ಎಣ್ಣೆಮೀಸೆ ಚುರ್ರೆಂದು ಹತ್ತಿಕೊಂಡಿತು. ಮಾವ ಪನ್ನೀರುದಾನಿ ಸುರಿದು ಆರಿಸುವಷ್ಟರಲ್ಲಿ ಎಡಭಾಗ ಖಾಲಿ.

"ಈಗ ಮೂಸಿ ನೋಡ್ರವ್ವಾ! ನೈಲಾನಾಗಿದ್ರೆ ಕರಗಿ ಗುಂಡು ಕಟ್ತಿತ್ತು. ಬೇಕಾರೆ ನಿಮ್ ಸೀರೆದೂ ಒಂದೆಳೆ ಕೊಡಿ, ಸುಟ್ಟು ತೋರಿಸ್ತೀನಿ."

ಅತ್ತೆ ತಮ್ಮ ಸೆರಗನ್ನು ಬಿಗಿಯಾಗಿ ಮುದುರಿಕೊಂಡು ಓಲಗದವರತ್ತ ತಿರುಗಿದರು. "ಊದ್ರಪ್ಪಾ, ಮೂರ್ತ ಮೀರ್ತದೆ!"

ಮೇಷ್ಟ್ರು ಹೋದ ವರ್ಷ ತೀರಿಕೊಂಡರು. ಫೋಟೋ ಎಂದರೆ ಮಾರು ದೂರ ಓಡುತ್ತಿದ್ದ ಮನುಷ್ಯ. ಗೋಡೆಗೆ ಹಾಕಲು ಮನೆಯಲ್ಲಿ ಒಂದೂ ಇರಲಿಲ್ಲ. ಕೊನೆಗೆ ಅಕ್ಕನ ಮದುವೆ ಆಲ್ಬಮ್ಮೇ ಗತಿಯಾಯಿತು. ಅದರಲ್ಲಿ ವಧೂವರರ ಪಕ್ಕ ಅರ್ಧ ಮೀಸೆಯಲ್ಲಿ ಬಾಯಿತುಂಬ ನಗುತ್ತಿದ್ದಾರೆ. ನೋಡಿ ನನಗೆ ನಗು ಬಂತು, ಹಿಂದೆಯೇ ತಡೆಯಲಾರದಷ್ಟು ಅಳು ಬಂತು. ಸ್ಟುಡಿಯೋದವನು ಉಳಿದರ್ಧವನ್ನು ಕಂಪ್ಯೂಟರಿನಲ್ಲಿ ಕೂರಿಸಿಕೊಡುತ್ತೇನೆಂದ.

"ಬ್ಯಾಡ ಕಣಪ್ಪ," ಎಂದರು ಮೇಷ್ಟ್ರ ಹೆಂಡತಿ. "ಆ ಮಗೀನ ಮದ್ವೆಗೆ ಅವ್ರು ಕೊಟ್ಟ ಮುಯ್ಯಿ ಅದು. ವಾಪಸ್ ತಕಬಾರ್ದು."